ಕುಸಿದದ್ದು ಯಾವುದು, ಉಳಿದವರು ಯಾರು

ರೋಮ್ ಸಾಮ್ರಾಜ್ಯ ಯಾಕೆ ಬಿತ್ತು ಎಂಬ ಪ್ರಶ್ನೆಗೆ ವಿದ್ವಾಂಸರು ಕೊಟ್ಟ ಉತ್ತರಗಳನ್ನೆಲ್ಲ ಜರ್ಮನಿಯ ಇತಿಹಾಸಕಾರ ಅಲೆಕ್ಸಾಂಡರ್ ಡೆಮಾಂಟ್ 1984ರಲ್ಲಿ ಒಂದೆಡೆ ಪಟ್ಟಿಮಾಡಿದರು. ಲೆಕ್ಕ 210ಕ್ಕೆ ಬಂತು. ಸೀಸದ ನಂಜು, ಸಾರ್ವಜನಿಕ ಸ್ನಾನಗೃಹಗಳು, ಬ್ರಹ್ಮಚರ್ಯ, ಸಂಧಿವಾತ, ಭೂಕಂಪ, ಕ್ರೈಸ್ತಮತ, ಹಣದುಬ್ಬರ, ಬರ್ಬರರ ದಾಳಿ, ಹೀಗೆ. ಪಟ್ಟಿ ಓದುತ್ತ ಹೋದರೆ ರೋಮ್‌ನ ಕಥೆಗಿಂತ ಬರೆದವರ ಕಥೆಯೇ ಹೆಚ್ಚು ಕಾಣುತ್ತದೆ. ನೀತಿ ಕೆಟ್ಟಿತೆಂದು ಕೊರಗುತ್ತಿದ್ದ ಕಾಲ ರೋಮನ್ನರ ನೀತಿಗೇಡನ್ನು ದೂರಿತು. ಬೆಲೆಯೇರಿಕೆಯಲ್ಲಿ ಬೇಯುತ್ತಿದ್ದ ಕಾಲ ಅವರ ಕಳಪೆ ನಾಣ್ಯವನ್ನು ಎತ್ತಿ ತೋರಿಸಿತು. ಹವಾಮಾನದ ಚಿಂತೆ ಹತ್ತಿರುವ ನಾವು ಬರಗಾಲವನ್ನು ಹುಡುಕುತ್ತಿದ್ದೇವೆ. ಹಾಗೆಂದು ಇವೆಲ್ಲ ಬರೀ ಊಹೆಯೆಂದು ತಳ್ಳಿಹಾಕುವಂತಿಲ್ಲ. ಮರದ ಕಾಂಡದ ವರ್ಷದುಂಗುರ, ಗುಹೆಯ ಸುಣ್ಣದ ಪದರ, ಕೆರೆಯಂಗಳದ ಹೂಳು, ನೆಲದಲ್ಲಿ ಹೂತ ಎಲುಬು ಇವೆಲ್ಲ ಕಳೆದ ಕೆಲವು ದಶಕಗಳಲ್ಲಿ ನುಡಿಯತೊಡಗಿರುವ ಸಾಕ್ಷ್ಯ ಹಿಂದಿನವರಿಗೆ ಸಿಕ್ಕಿರಲಿಲ್ಲ. ಅದನ್ನು ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಬೇಕಾಗಿದೆ. ಅದರ ಜೊತೆಗೆ, ಅಷ್ಟಾಗಿ ಯಾರೂ ಕೇಳದ ಇನ್ನೊಂದನ್ನೂ ಕೇಳಬೇಕು. ನಾಗರಿಕತೆ ಕುಸಿಯಿತು ಎನ್ನುವಾಗ ಕುಸಿದದ್ದು ಏನು? ಅರಮನೆಯೋ, ಊರೋ, ಉಣ್ಣುವವನ ತಟ್ಟೆಯೋ?

ಹಳೆಯ ಉತ್ತರಗಳಲ್ಲಿ ಇಂದಿಗೂ ಕಸುವು ಉಳಿಸಿಕೊಂಡಿರುವುದು ಉತ್ತರ ಆಫ್ರಿಕದ ಇಬ್ನ್ ಖಲ್ದೂನನದು. 1377ರಲ್ಲಿ ಬರೆದ ‘ಮುಕದ್ದಿಮಾ’ದಲ್ಲಿ ಆತ ರಾಜವಂಶಗಳ ಏಳುಬೀಳಿಗೆ ಒಗ್ಗಟ್ಟಿನ ಕಸುವನ್ನೇ ಕಾರಣವಾಗಿ ಹಿಡಿದ. ಮರುಭೂಮಿಯ ಕಷ್ಟದಲ್ಲಿ ಬೆಸೆದ ಬಳಗ ನಗರವನ್ನು ಗೆಲ್ಲುತ್ತದೆ, ಮೂರು ನಾಲ್ಕು ತಲೆಮಾರಿನಲ್ಲಿ ಸುಖಕ್ಕೆ ಬಿದ್ದು ಸಡಿಲವಾಗುತ್ತದೆ, ತೆರಿಗೆ ಏರಿಸುತ್ತದೆ, ತೆರಿಗೆ ಏರಿದಷ್ಟೂ ಬೊಕ್ಕಸ ಬಡವಾಗುತ್ತದೆ ಎಂಬುದು ಅವನ ವಾದ. ಗಿಬ್ಬನ್ 1776ರಿಂದ 1788ರವರೆಗೆ ಆರು ಸಂಪುಟಗಳಲ್ಲಿ ರೋಮ್‌ನ ಅವನತಿಯನ್ನು ಬರೆದ. ಸ್ಪೆಂಗ್ಲರ್ ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಸಂಸ್ಕೃತಿಗಳಿಗೂ ಬಾಲ್ಯ, ಯೌವನ, ಮುಪ್ಪು ಉಂಟೆಂದ. ಟಾಯ್ನ್‌ಬಿ ಹನ್ನೆರಡು ಸಂಪುಟಗಳಲ್ಲಿ, ಎದುರಾದ ಸವಾಲಿಗೆ ಹೊಸ ಉತ್ತರ ಕೊಡಬಲ್ಲ ಸಣ್ಣ ಗುಂಪೊಂದು ತನ್ನ ಸೃಷ್ಟಿಶಕ್ತಿ ಕಳೆದುಕೊಂಡು ಬರೀ ಅಧಿಕಾರಕ್ಕೆ ಅಂಟಿಕೊಂಡಾಗ ನಾಗರಿಕತೆ ಸಾಯುತ್ತದೆ ಎಂದ. ಸಮಾಜವನ್ನು ದೇಹವೆಂದು ಭಾವಿಸುವ ಸ್ಪೆಂಗ್ಲರನ ದಾರಿ ನಮ್ಮನ್ನು ಎಲ್ಲಿಗೂ ಒಯ್ಯುವುದಿಲ್ಲ. ಮುಪ್ಪು ತಪ್ಪದ್ದು ಎಂದಾದರೆ ಕಾರಣ ಹುಡುಕುವ ಕೆಲಸವೇ ಉಳಿಯುವುದಿಲ್ಲ.

ನಮ್ಮ ಉಪಖಂಡದ ಉದಾಹರಣೆಯಿಂದಲೇ ತೊಡಗೋಣ. ಸಿಂಧೂ ನಾಗರಿಕತೆಯ ಶೋಧವನ್ನು ಜಾನ್ ಮಾರ್ಷಲ್ ಜಗತ್ತಿಗೆ ತಿಳಿಸಿದ್ದು 1924ರಲ್ಲಿ. ಮುಂದೆ ಪುರಾತತ್ವ ಇಲಾಖೆಯ ಮುಖ್ಯಸ್ಥರಾದ ಮಾರ್ಟಿಮರ್ ವೀಲರ್ 1940ರ ದಶಕದಲ್ಲಿ ಅದರ ಅಂತ್ಯಕ್ಕೆ ಒಂದು ರೋಚಕ ಕಥೆ ಕೊಟ್ಟರು. ಮೊಹೆಂಜೊದಾರೊದ ಬೀದಿ, ಮನೆಗಳಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ಮೂರು ಡಜನ್‌ನಷ್ಟು ಅಸ್ಥಿಪಂಜರಗಳನ್ನು ತೋರಿಸಿ, ಇದು ದಾಳಿಕಾರರು ನಡೆಸಿದ ಕಗ್ಗೊಲೆ ಎಂದರು. ಋಗ್ವೇದದ ಕೋಟೆ ಒಡೆಯುವ ಇಂದ್ರನನ್ನೇ ಆರೋಪಿಯಾಗಿ ನಿಲ್ಲಿಸಿದರು. 1964ರಲ್ಲಿ ಪುರಾತತ್ವಜ್ಞ ಜಾರ್ಜ್ ಡೇಲ್ಸ್ ಅದೇ ಎಲುಬುಗಳನ್ನೂ ಅವು ಸಿಕ್ಕ ಪದರಗಳನ್ನೂ ಮತ್ತೆ ಪರಿಶೀಲಿಸಿದಾಗ ಕಥೆ ನಿಲ್ಲಲಿಲ್ಲ. ಅಸ್ಥಿಗಳು ಒಂದೇ ಕಾಲದವಲ್ಲ, ಕೋಟೆಯ ಬಳಿ ಕದನದ ಗುರುತಿಲ್ಲ, ಊರಿಗೆ ಬೆಂಕಿ ಬಿದ್ದ ಕುರುಹೂ ಇಲ್ಲ. ಆದರೂ ಆ ಕಗ್ಗೊಲೆ ಎಷ್ಟೋ ವರ್ಷ ಪಠ್ಯಪುಸ್ತಕಗಳಲ್ಲಿ ಉಳಿಯಿತು. ಶತ್ರು ಬಂದ, ಊರು ಸುಟ್ಟ ಎಂಬ ಕಥೆಗೆ ಇರುವ ಹಿಡಿತ ಮಳೆ ಕಡಿಮೆಯಾಯಿತು ಎಂಬುದಕ್ಕೆ ಇಲ್ಲ.

ಮಳೆಯ ಕಥೆ ಬಂದದ್ದು ಮೇಘಾಲಯದಿಂದ. ಚಿರಾಪುಂಜಿಯ ಬಳಿಯ ಮಾಮ್ಲುಹ್ ಗುಹೆಯಲ್ಲಿ ಮೇಲಿನಿಂದ ತೊಟ್ಟಿಕ್ಕುವ ನೀರು ನೆಲದ ಮೇಲೆ ಸುಣ್ಣದ ಗೂಟಗಳನ್ನು ಬೆಳೆಸಿದೆ. ಅವುಗಳ ಪದರಗಳಲ್ಲಿರುವ ಆಮ್ಲಜನಕದ ಬಗೆಗಳನ್ನು ಅಳೆದರೆ ಯಾವ ಕಾಲದಲ್ಲಿ ಮುಂಗಾರು ಹೇಗಿತ್ತು ಎಂದು ತಿಳಿಯುತ್ತದೆ. ಸುಮಾರು 4200 ವರ್ಷಗಳ ಹಿಂದೆ ಮುಂಗಾರು ಬಹುಕಾಲ ಸೊರಗಿತ್ತು ಎಂದು ಅಂಥದೊಂದು ಗೂಟ ಹೇಳಿತು. ಅದರ ಆಧಾರದ ಮೇಲೆ ಭೂವಿಜ್ಞಾನಿಗಳು 2018ರಲ್ಲಿ, ಆಗಿನಿಂದ ಇಂದಿನವರೆಗಿನ ಅವಧಿಗೆ ಮೇಘಾಲಯನ್ ಯುಗ ಎಂದೇ ಹೆಸರಿಟ್ಟರು. ಈಜಿಪ್ಟಿನ ಹಳೆಯ ರಾಜ್ಯ, ಮೆಸೊಪೊಟೇಮಿಯದ ಅಕ್ಕಾಡ್ ಸಾಮ್ರಾಜ್ಯ ಮುರಿದುಬಿದ್ದದ್ದೂ ಹೆಚ್ಚುಕಡಿಮೆ ಅದೇ ಕಾಲಕ್ಕೆ. ಸಿಂಧೂ ಬಯಲಿನಲ್ಲಿ ಮಳೆಯನ್ನೇ ನೆಚ್ಚಿದ್ದ ಘಗ್ಗರ್-ಹಾಕ್ರಾ ನದಿಯ ಹರಿವು ಸೊರಗಿತು.

ಜನ ಏನು ಮಾಡಿದರು? ಕ್ರಿ.ಪೂ. 1900ರ ಆಚೀಚೆ ದೊಡ್ಡ ನಗರಗಳು ಖಾಲಿಯಾಗತೊಡಗಿದವು. ಮುದ್ರೆ ಹೋಯಿತು, ಲಿಪಿ ಹೋಯಿತು, ಊರೂರಿಗೂ ಒಂದೇ ಆಗಿದ್ದ ತೂಕದ ಕಲ್ಲುಗಳು ಹೋದವು. ಅದೇ ಹೊತ್ತಿಗೆ ಮೂಡಲಿಗೆ, ಇಂದಿನ ಹರಿಯಾಣ ಮತ್ತು ಪಶ್ಚಿಮ ಉತ್ತರಪ್ರದೇಶದ ಕಡೆ, ಸಣ್ಣ ಸಣ್ಣ ಹಳ್ಳಿಗಳ ಸಂಖ್ಯೆ ಏರಿತು. ರಾಗಿ ಬಗೆಯ ಕಿರುಧಾನ್ಯ, ಭತ್ತ, ಗೋಧಿ, ಬಾರ್ಲಿಗಳನ್ನು ಎರಡು ಹಂಗಾಮಿನಲ್ಲಿ ಬದಲಿಸಿ ಬೆಳೆಯುವುದನ್ನು ಆ ಜನ ಆಗಲೇ ಬಲ್ಲವರಾಗಿದ್ದರು. ಹೀಗಾಗಿ ಅವರಿಗೆ ನಗರ ಬಿಟ್ಟು ಬದುಕಲು ಸಾಧ್ಯವಾಯಿತು. ಅದು ನೋವಿಲ್ಲದ ಸ್ಥಳಾಂತರವೇನೂ ಅಲ್ಲ. ಹರಪ್ಪಾದಲ್ಲಿ ಕೊನೆಗಾಲದ ಸ್ಮಶಾನದ ಎಲುಬುಗಳಲ್ಲಿ ಕುಷ್ಠ, ಕ್ಷಯದ ಗುರುತುಗಳೂ ತಲೆಬುರುಡೆಗೆ ಬಿದ್ದ ಪೆಟ್ಟುಗಳೂ ಮೊದಲಿಗಿಂತ ಹೆಚ್ಚಿವೆ. ಹೊರಡಲು ಆಗದೆ ನಗರದಲ್ಲೇ ಉಳಿದವರ ಪಾಡು ಅದು.

ಒಂದೇ ಪೆಟ್ಟಿಗೆ ನಾಗರಿಕತೆ ಬೀಳುವುದಿಲ್ಲ ಎನ್ನಲು ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಮೆಡಿಟರೇನಿಯನ್ ಸಮುದ್ರದ ಮೂಡಣ ದಂಡೆಯಲ್ಲಿದೆ. ಕ್ರಿ.ಪೂ. 13ನೇ ಶತಮಾನದಲ್ಲಿ ಅಲ್ಲಿ ಈಜಿಪ್ಟ್, ಹಿಟ್ಟೈಟ್, ಮೈಸೀನಿ, ಸೈಪ್ರಸ್, ಉಗಾರಿಟ್ ಎಲ್ಲವೂ ವ್ಯಾಪಾರ, ಮದುವೆ, ಪತ್ರವ್ಯವಹಾರಗಳಿಂದ ಒಂದಕ್ಕೊಂದು ಹೆಣೆದುಕೊಂಡಿದ್ದವು. ಟರ್ಕಿಯ ಉಲುಬುರುನ್ ಎಂಬಲ್ಲಿ ಸ್ಪಂಜು ಹೆಕ್ಕುವ ಮುಳುಗುಗಾರನೊಬ್ಬನಿಗೆ 1982ರಲ್ಲಿ ಕಾಣಿಸಿದ ಹಡಗಿನ ಅವಶೇಷ ಆ ಹೆಣಿಗೆಯನ್ನು ಕಣ್ಣೆದುರು ತಂದಿತು. ಕ್ರಿ.ಪೂ. 1300ರ ಸುಮಾರಿಗೆ ಮುಳುಗಿದ ಆ ಹಡಗಿನಲ್ಲಿ ಹತ್ತು ಟನ್ ತಾಮ್ರ, ಒಂದು ಟನ್ ತವರ ಇದ್ದವು. ಹತ್ತಕ್ಕೆ ಒಂದು ಕಂಚಿನ ಅಳತೆ. ತಾಮ್ರ ಸೈಪ್ರಸ್ಸಿನದು. ತವರದ ಒಂದು ಪಾಲು ಬಂದದ್ದು ಸಾವಿರಾರು ಕಿಲೋಮೀಟರ್ ಆಚೆಯ ಮಧ್ಯ ಏಷ್ಯದಿಂದ. ಜೊತೆಗೆ ಆಫ್ರಿಕದ ಕರಿಮರ, ಬಾಲ್ಟಿಕ್ ಕಡಲಿನ ಅಂಬರ್, ಕೆನಾನಿನ ಜಾಡಿಗಳು. ಕತ್ತಿ, ಕುಡುಗೋಲು, ರಥದ ಬಿಡಿಭಾಗ ಎಲ್ಲಕ್ಕೂ ಕಂಚು ಬೇಕಿದ್ದ ಕಾಲದಲ್ಲಿ ತವರದ ದಾರಿ ಮುಚ್ಚಿದರೆ ಅರಮನೆಗಳ ಕೈಕಾಲು ಕಟ್ಟಿದಂತೆಯೇ.

ಆ ಲೋಕ ಐವತ್ತು ವರ್ಷಗಳೊಳಗೆ ಚೂರಾಯಿತು. ಮರದ ವರ್ಷದುಂಗುರಗಳನ್ನು ಓದಿದ ಅಧ್ಯಯನವೊಂದು, ಟರ್ಕಿಯ ಒಳನಾಡಿನಲ್ಲಿ ಕ್ರಿ.ಪೂ. 1198ರಿಂದ 1196ರವರೆಗೆ ಸತತ ಮೂರು ವರ್ಷ ಕಡುಬರ ಬಿದ್ದಿತ್ತೆಂದು 2023ರಲ್ಲಿ ತೋರಿಸಿತು. ಒಂದು ವರ್ಷದ ಬರವನ್ನು ಕಣಜ ತಡೆದುಕೊಳ್ಳುತ್ತದೆ, ಎರಡನೆಯದನ್ನು ಹೇಗೋ ದಾಟಬಹುದು, ಮೂರನೆಯದಕ್ಕೆ ಬಿತ್ತನೆಯ ಬೀಜವೇ ಹೊಟ್ಟೆಗೆ ಹೋಗಿರುತ್ತದೆ. ಹಿಟ್ಟೈಟ್ ದೊರೆಗಳು ಧಾನ್ಯದ ಹಡಗು ಕಳಿಸಿರೆಂದು ಅಂಗಲಾಚಿದ ಮಣ್ಣಿನ ಫಲಕಗಳು ಉಗಾರಿಟ್‌ನಲ್ಲಿ ಸಿಕ್ಕಿವೆ. ಅವರ ರಾಜಧಾನಿ ಹಟ್ಟುಶಾ ಬರಿದಾಯಿತು. ಉಗಾರಿಟ್‌ನ ಕೊನೆಯ ದೊರೆ ಅಮ್ಮುರಾಪಿ, ಶತ್ರುವಿನ ಹಡಗುಗಳು ಬಂದು ಊರುಗಳನ್ನು ಸುಡುತ್ತಿವೆ, ನನ್ನ ಸೈನ್ಯವೆಲ್ಲ ದೂರದಲ್ಲಿದೆ ಎಂದು ಸೈಪ್ರಸ್ಸಿಗೆ ಬರೆದ. ಕ್ರಿ.ಪೂ. 1185ರ ಹೊತ್ತಿಗೆ ಅವನ ಊರು ಬೂದಿಯಾಗಿತ್ತು. ಈಜಿಪ್ಟಿನ ಮೂರನೇ ರಾಮ್ಸೆಸ್ ‘ಕಡಲ ಜನ’ ಎನಿಸಿಕೊಂಡ ದಾಳಿಕಾರರನ್ನು ಹಿಮ್ಮೆಟ್ಟಿಸಿದೆನೆಂದು ಮೆದಿನೆತ್ ಹಬು ದೇವಾಲಯದ ಗೋಡೆಗಳ ಮೇಲೆ ಕೆತ್ತಿಸಿದ. ಬರ, ಭೂಕಂಪ, ವಲಸೆ, ದಾಳಿ, ಒಳಬಂಡಾಯ ಯಾವುದೂ ಒಂದೇ ಸಾಲದು, ಒಂದರ ಮೇಲೊಂದು ಬಂದದ್ದರಿಂದಲೇ ಆ ಲೋಕ ಮುರಿಯಿತು ಎಂಬುದು ಇದನ್ನೆಲ್ಲ ಕಲೆಹಾಕಿದ ಎರಿಕ್ ಕ್ಲೈನ್ ಅವರ ತೀರ್ಮಾನ. ನಾನೂ ಅದನ್ನು ಒಪ್ಪುತ್ತೇನೆ.

ಆದರೆ ನನಗೆ ಹೆಚ್ಚು ಮುಖ್ಯವಾಗಿ ಕಾಣುವುದು ಗೆದ್ದ ಈಜಿಪ್ಟಿನಲ್ಲಿ ಆಮೇಲೆ ನಡೆದದ್ದು. ರಾಮ್ಸೆಸ್‌ನ ಆಳ್ವಿಕೆಯ 29ನೇ ವರ್ಷದಲ್ಲಿ, ದೊರೆಗಳ ಗೋರಿಗಳನ್ನು ಕೊರೆಯುತ್ತಿದ್ದ ದೇರ್ ಅಲ್ ಮದೀನಾದ ಕುಶಲಕರ್ಮಿಗಳಿಗೆ ಪಡಿ ಬರಲಿಲ್ಲ. ಅವರ ಕೂಲಿ ನಾಣ್ಯವಲ್ಲ, ಧಾನ್ಯ. ಹಸಿದಿದ್ದೇವೆ ಎನ್ನುತ್ತ ಅವರು ಉಪಕರಣ ಕೆಳಗಿಟ್ಟು, ಕಾವಲು ದಾಟಿ ಹೋಗಿ ದೇವಾಲಯದ ಹಿಂದೆ ಕೂತರು. ಲಿಖಿತ ದಾಖಲೆಯಲ್ಲಿ ಸಿಗುವ ಮೊದಲ ಮುಷ್ಕರ ಇದೇ. ಅದರ ವಿವರವನ್ನು ಬರೆದಿಟ್ಟ ಪಪೈರಸ್ ಈಗ ಇಟಲಿಯ ತೂರಿನ್‌ನಲ್ಲಿದೆ. ಅದೇ ದೊರೆ ದೇವಾಲಯಗಳಿಗೆ ಕೊಟ್ಟ ಭೂಮಿ, ದನ, ಧಾನ್ಯ, ಚಿನ್ನಗಳ ಉದ್ದುದ್ದ ಪಟ್ಟಿ ಇನ್ನೊಂದು ಪಪೈರಸ್ಸಿನಲ್ಲಿದೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ, ನಾಡಿನಲ್ಲಿ ಕಾಳೇ ಇರಲಿಲ್ಲ ಎನ್ನಲಾಗದು. ಯಾರ ಪಾಲನ್ನು ಮೊದಲು ಕಡಿಯಬೇಕು ಎಂಬುದು ತೀರ್ಮಾನವಾಗಿತ್ತು.

ಇಲ್ಲಿಂದ ಜೋಸೆಫ್ ಟೇಂಟರ್ ಅವರತ್ತ ಹೊರಳಬೇಕು. ಸಮಾಜಗಳ ಕುಸಿತದ ಬಗೆಗಿನ 1988ರ ತಮ್ಮ ಪುಸ್ತಕದಲ್ಲಿ ಅವರು ಇಟ್ಟ ವಾದ ಸರಳ. ಸಮಾಜಗಳು ಸಮಸ್ಯೆ ಬಂದಾಗಲೆಲ್ಲ ಅದನ್ನು ಬಗೆಹರಿಸಲು ಹೊಸ ಏರ್ಪಾಡು ಕಟ್ಟುತ್ತವೆ. ಇನ್ನೊಂದು ಇಲಾಖೆ, ಇನ್ನೊಂದು ಕಾಲುವೆ, ಇನ್ನೊಂದು ದಂಡು. ಮೊದಮೊದಲು ಹಾಕಿದ್ದಕ್ಕಿಂತ ಹೆಚ್ಚು ಕೈಸೇರುತ್ತದೆ. ಬರಬರುತ್ತ ಖರ್ಚು ಏರುತ್ತದೆ, ಗಿಟ್ಟುವುದು ಇಳಿಯುತ್ತದೆ. ಕೊನೆಗೆ ಇರುವುದನ್ನು ಇದ್ದಂತೆ ಉಳಿಸಿಕೊಳ್ಳಲಿಕ್ಕೇ ಎಲ್ಲ ಶಕ್ತಿ ಹೋಗುತ್ತದೆ, ಹೊಸ ಪೆಟ್ಟು ತಾಳಲು ಏನೂ ಮಿಕ್ಕಿರುವುದಿಲ್ಲ. ರೋಮ್ ಗೆದ್ದ ನಾಡುಗಳ ಸಂಪತ್ತಿನಿಂದ ಬೆಳೆಯಿತು. ಗೆಲ್ಲಲು ಹೊಸ ನಾಡು ಇಲ್ಲವಾದಾಗ ಗಡಿ ಕಾಯುವ ಖರ್ಚು ಮಾತ್ರ ಉಳಿಯಿತು. ಅಗಸ್ಟಸ್ ಕಾಲದಲ್ಲಿ ಬಹುತೇಕ ಅಪ್ಪಟವಾಗಿದ್ದ ಬೆಳ್ಳಿ ನಾಣ್ಯದಲ್ಲಿ ಕ್ರಿ.ಶ. 270ರ ಹೊತ್ತಿಗೆ ಬೆಳ್ಳಿ ಶೇಕಡ 5ಕ್ಕಿಂತಲೂ ಕೆಳಗಿಳಿದಿತ್ತು. ಡಯೊಕ್ಲೀಷನ್ ಪ್ರಾಂತಗಳನ್ನು ಒಡೆದು ಹೆಚ್ಚಿಸಿದ, ಸೈನ್ಯ ಬೆಳೆಸಿದ, 301ರಲ್ಲಿ ಸಾಮಾನುಗಳಿಗೆ ಗರಿಷ್ಠ ಬೆಲೆ ನಿಗದಿಮಾಡಿ ಶಾಸನ ಹೊರಡಿಸಿದ. ರೈತರು ಹೊಲ ಬಿಟ್ಟು ಹೋಗದಂತೆ ಕಟ್ಟಿಹಾಕುವ ಕಾನೂನುಗಳು ಬಂದವು. 5ನೇ ಶತಮಾನದಲ್ಲಿ ಮಾರ್ಸೇಯ ಪಾದ್ರಿ ಸಾಲ್ವಿಯನ್, ತೆರಿಗೆಯ ಕಾಟ ತಾಳದೆ ಬಡವರು ಬರ್ಬರರ ಆಶ್ರಯಕ್ಕೆ ಓಡುತ್ತಿದ್ದಾರೆಂದು ಬರೆದ. 439ರಲ್ಲಿ ವಾಂಡಲರು ಕಾರ್ತೇಜನ್ನು ಹಿಡಿದು ಆಫ್ರಿಕದ ಧಾನ್ಯ ಮತ್ತು ಕಂದಾಯ ಕೈತಪ್ಪಿದ ಮೇಲೆ, 476ರಲ್ಲಿ ಬಂದ ಪಶ್ಚಿಮ ರೋಮ್‌ನ ಅಂತ್ಯ ಬರೀ ದಿನದ ಪ್ರಶ್ನೆಯಾಗಿತ್ತು.

ಟೇಂಟರ್ ಮಾತು ಮನದಟ್ಟಾಗಲು ರೋಮ್‌ಗೆ ಹೋಗಬೇಕಿಲ್ಲ, ಬೆಂಗಳೂರಿನ ನಲ್ಲಿ ಸಾಕು. ಕೆರೆ, ಬಾವಿ, ಕಲ್ಯಾಣಿಗಳ ಊರು ಅದು. 1890ರ ದಶಕದಲ್ಲಿ ಅರ್ಕಾವತಿಯ ಹೆಸರಘಟ್ಟದಿಂದ ನೀರು ತಂದರು. ಅದು ಸಾಲದಾಗಿ 1930ರ ದಶಕದಲ್ಲಿ ತಿಪ್ಪಗೊಂಡನಹಳ್ಳಿ. ಅದೂ ಸಾಲದಾಗಿ 1974ರಲ್ಲಿ ಕಾವೇರಿ. ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟ ನೀರು ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ, ಸುಮಾರು ನೂರು ಕಿಲೋಮೀಟರ್ ಸಾಗಿ, ಐನೂರು ಮೀಟರಿನಷ್ಟು ಎತ್ತರಕ್ಕೆ ಏರಿ ನಗರ ಸೇರುತ್ತದೆ. ಜಲಮಂಡಳಿಯ ಖರ್ಚಿನಲ್ಲಿ ದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಕಾವೇರಿ ಯೋಜನೆಯ ಐದನೇ ಹಂತ 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗಾಗಿ ಕಾದಿದ್ದರು. ಶರಾವತಿಯ ಲಿಂಗನಮಕ್ಕಿಯಿಂದ ನೀರು ತರುವ ಮಾತೂ ಬಂದಿತ್ತು, 2019ರಲ್ಲಿ ಮಲೆನಾಡು ಬೀದಿಗಿಳಿದು ಅದನ್ನು ವಿರೋಧಿಸಿತು. ಒಂದೊಂದು ಹಂತವೂ ಆಯಾ ಕಾಲಕ್ಕೆ ಸರಿಯಾದ ಉತ್ತರವೇ. ಆದರೆ ಒಂದೊಂದೂ ಹಿಂದಿನದಕ್ಕಿಂತ ದೂರದ್ದು, ಎತ್ತರದ್ದು, ದುಬಾರಿಯದು. ಈ ನಡುವೆ ಪಕ್ಕದ ಬೆಳ್ಳಂದೂರು ಕೆರೆಗೆ ಕೊಳಚೆ ಹರಿದು ನೊರೆಯೆದ್ದಿತು, ಬೆಂಕಿಯೂ ಹತ್ತಿತು.

ಟೇಂಟರ್ ವಾದದಲ್ಲಿ ಒಂದು ಕೊರತೆ ಇದೆ. ಅಲ್ಲಿ ಸಮಾಜ ಒಂದೇ ಮನಸ್ಸಿನಿಂದ ಲೆಕ್ಕ ಹಾಕುವಂತೆ ಕಾಣುತ್ತದೆ. ಖರ್ಚು ಹೊರುವವರು ಯಾರು, ಲಾಭ ಉಣ್ಣುವವರು ಯಾರು ಎಂಬ ಭೇದ ಮಂಕಾಗುತ್ತದೆ. ಪೀಟರ್ ಟರ್ಚಿನ್ ಈ ಜಾಗಕ್ಕೆ ಕೈಹಾಕುತ್ತಾರೆ. ಸಂಪತ್ತು ಮೇಲುಗಡೆ ಶೇಖರವಾಗುತ್ತ, ಅಧಿಕಾರದ ಕುರ್ಚಿಗಳಿಗಿಂತ ಕುರ್ಚಿ ಬಯಸುವವರು ಹೆಚ್ಚಾದಾಗ, ಆ ಅತೃಪ್ತ ಮೇಲ್ವರ್ಗವೇ ಜನರ ಬಡತನವನ್ನು ಬಂಡಾಯವಾಗಿ ತಿರುಗಿಸುತ್ತದೆ ಎನ್ನುವ ಅವರು, 2020ರ ದಶಕದಲ್ಲಿ ಅಮೆರಿಕ ಪ್ರಕ್ಷುಬ್ಧವಾಗುತ್ತದೆಂದು 2010ರಲ್ಲೇ ಬರೆದಿದ್ದರು. ಇತಿಹಾಸಕ್ಕೆ ಸೂತ್ರ ಹೊಸೆಯುವುದರಲ್ಲಿ ನನಗೆ ಅಷ್ಟು ನಂಬಿಕೆಯಿಲ್ಲ. ಆದರೂ ಅವರ ಮುಖ್ಯ ಮಾತು ಮಾಯಾ ನಗರಗಳನ್ನು ನೋಡಿದಾಗ ತೂಕ ಪಡೆಯುತ್ತದೆ. ಅಲ್ಲಿನ ದೊರೆಗಳು ಜನರಿಗೂ ಮಳೆ ತರುವ ದೇವತೆಗಳಿಗೂ ನಡುವಿನ ಕೊಂಡಿ ಎನಿಸಿಕೊಂಡಿದ್ದರು. 8 ಮತ್ತು 9ನೇ ಶತಮಾನಗಳಲ್ಲಿ ಬರ ಮತ್ತೆ ಮತ್ತೆ ಬಂದಾಗ ಅವರು ಕಾದಾಡಿದರು. ಆ ನಗರಗಳಲ್ಲೊಂದಾದ ತಿಕಾಲ್‌ನ ಅರಮನೆ, ದೇವಾಲಯಗಳ ಬಳಿಯ ಜಲಾಶಯಗಳಲ್ಲಿ ಪಾದರಸವೂ ವಿಷ ಪಾಚಿಯೂ ತುಂಬಿದ್ದವೆಂದು 2020ರ ಅಧ್ಯಯನ ತೋರಿಸಿದೆ. ತಿಕಾಲ್‌ನ ಕೊನೆಯ ತಾರೀಖುಳ್ಳ ಶಿಲಾಸ್ತಂಭ 869ರದು. ಆಮೇಲೆ ಅಲ್ಲಿ ಕಲ್ಲು ಮಾತಾಡಲಿಲ್ಲ. ಮಾಯಾ ಭಾಷೆಗಳನ್ನಾಡುವ ಲಕ್ಷಾಂತರ ಜನ ಮಾತ್ರ ಇಂದಿಗೂ ಗ್ವಾಟೆಮಾಲ, ಮೆಕ್ಸಿಕೊಗಳಲ್ಲಿ ಜೋಳ ಬೆಳೆಯುತ್ತಿದ್ದಾರೆ.

ಈಸ್ಟರ್ ದ್ವೀಪದ ವಿಷಯದಲ್ಲಿ ಒಂದು ಎಚ್ಚರ ಬೇಕು. ಅಲ್ಲಿನ ಜನ ಮರವೆಲ್ಲ ಕಡಿದು ತಾವೇ ನಾಶವಾದರು ಎಂದು ಜೇರ್ಡ್ ಡೈಮಂಡ್ 2005ರಲ್ಲಿ ಬರೆದದ್ದು ಜಗತ್ತಿನಾದ್ಯಂತ ಪಾಠದಂತೆ ಹಬ್ಬಿತು. ಕಾಡು ಹೋದದ್ದು ನಿಜ, ಅದರಲ್ಲಿ ಇಲಿಗಳ ಪಾಲೂ ಇತ್ತು. ಆದರೆ ಐರೋಪ್ಯರು ಬರುವ ಮೊದಲೇ ಜನಸಂಖ್ಯೆ ಕುಸಿದಿತ್ತು ಎಂಬುದನ್ನು 2024ರ ಪ್ರಾಚೀನ ಡಿಎನ್‌ಎ ಅಧ್ಯಯನ ಅಲ್ಲಗಳೆಯಿತು. ಆ ಜನರನ್ನು ನಿಜವಾಗಿ ಮುರಿದದ್ದು 1862-63ರಲ್ಲಿ ಪೆರುವಿನ ಗುಲಾಮ ವ್ಯಾಪಾರಿಗಳು ನಡೆಸಿದ ಅಪಹರಣ ಮತ್ತು ಅದರ ಬೆನ್ನಿಗೆ ಬಂದ ಸಿಡುಬು. 1877ರಲ್ಲಿ ಅಲ್ಲಿ ಉಳಿದವರು ಸುಮಾರು 110 ಮಂದಿ. ಲೂಟಿಯಾದವರ ಮೇಲೆಯೇ ಆತ್ಮನಾಶದ ಆರೋಪ ಹೊರಿಸುವುದು ಅನ್ಯಾಯ.

ಹಾಗಾದರೆ ಕುಸಿತ ಕೆಟ್ಟದ್ದೇ? ಇಲ್ಲಿ ವಿದ್ವಾಂಸರು ಎರಡು ಪಂಗಡ. ಬ್ರಯಾನ್ ವಾರ್ಡ್-ಪರ್ಕಿನ್ಸ್ ರೋಮ್ ಬಿದ್ದಮೇಲೆ ಸಾಮಾನ್ಯರ ಮನೆಯಿಂದ ಹಂಚು ಹೋಯಿತು, ಒಳ್ಳೆಯ ಮಡಕೆ ಹೋಯಿತು, ಬ್ರಿಟನ್ನಿನಲ್ಲಿ ಕುಂಬಾರನ ತಿಗರಿಯೇ ಮರೆತುಹೋಯಿತು, ದನಗಳ ಗಾತ್ರ ಕೂಡ ಕಿರಿದಾಯಿತು ಎಂದು ಲೆಕ್ಕ ಕೊಡುತ್ತಾರೆ. ಜೇಮ್ಸ್ ಸ್ಕಾಟ್ ಇದಕ್ಕೆ ತದ್ವಿರುದ್ಧ. ಗೋಡೆ, ಕಂದಾಯ, ಬಿಟ್ಟಿ ದುಡಿಮೆ, ಸಾಂಕ್ರಾಮಿಕಗಳಿಂದ ತಪ್ಪಿಸಿಕೊಂಡ ಜನಕ್ಕೆ ರಾಜ್ಯದ ಪತನ ಬಿಡುಗಡೆಯಾಗಿರಬಹುದು ಎಂಬುದು ಅವರ ನಿಲುವು. ಮಧ್ಯ ಇಟಲಿಯ ಎಲುಬುಗಳನ್ನು ಅಳೆದಾಗ, ರೋಮ್‌ನ ವೈಭವದ ದಿನಗಳಲ್ಲಿ ಬದುಕಿದವರು ಅದರ ಹಿಂದಿನ ಮತ್ತು ಮುಂದಿನ ಕಾಲದವರಿಗಿಂತ ಕುಳ್ಳಗಿದ್ದರೆಂದು ತಿಳಿದುಬಂದಿದೆ. ಹಂಚಿನ ಮಾಡೂ ನಿಜ, ಕುಳ್ಳ ಮೈಯೂ ನಿಜ.

ನಮ್ಮ ವಿಜಯನಗರದ ಪತನವನ್ನು ಈ ಕಣ್ಣಿನಿಂದ ನೋಡಬೇಕು. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ಅಳಿಯ ರಾಮರಾಯ ಸತ್ತ. ರಾಜಧಾನಿ ಸೂರೆಯಾಯಿತು, ಅವನ ತಮ್ಮ ತಿರುಮಲ ಬೊಕ್ಕಸದೊಂದಿಗೆ ಪೆನುಗೊಂಡೆಗೆ ಸರಿದ. ಹಂಪಿಯ ಕಲ್ಲುಗಳ ನಡುವೆ ನಿಂತವರಿಗೆ ಎಲ್ಲವೂ ಅಂದೇ ಮುಗಿಯಿತೆನಿಸುತ್ತದೆ. ಮುಗಿಯಲಿಲ್ಲ. ಅರವೀಡು ದೊರೆಗಳು ಪೆನುಗೊಂಡೆ, ಚಂದ್ರಗಿರಿ, ವೆಲ್ಲೂರುಗಳಿಂದ ಇನ್ನೂ ಎಂಟು ದಶಕ ಆಳಿದರು. ಕೆಳದಿ, ಮೈಸೂರು, ಮಧುರೆ, ತಂಜಾವೂರುಗಳು ತಮ್ಮ ಕಾಲ ಮೇಲೆ ನಿಂತವು. ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ವಿಜಯನಗರದ ಮಹಾನವಮಿಯನ್ನು ಅಲ್ಲಿ ಮುಂದುವರಿಸಿದರು. ತುಂಗಭದ್ರೆಗೆ ಒಡ್ಡು ಹಾಕಿ ವಿಜಯನಗರದ ಅರಸರು ತೆಗೆಸಿದ ತುರ್ತು ಕಾಲುವೆಯಲ್ಲಿ ಈಗಲೂ ನೀರು ಹರಿಯುತ್ತಿದೆ, ಅದರಡಿ ಬಾಳೆ, ಭತ್ತ ಬೆಳೆಯುತ್ತಿವೆ. ರಾಜಧಾನಿ ಸತ್ತಿತು. ಕಾಲುವೆಯ ನೀರು ಹಂಚಿಕೊಳ್ಳುವ ಬಗೆ ಬಲ್ಲವರು ಊರುಗಳಲ್ಲಿದ್ದರು, ಕಾಲುವೆ ಉಳಿಯಿತು.

ಇದಕ್ಕೆ ವಿರುದ್ಧವಾದ ಚಿತ್ರ ಮುನ್ನೂರು ವರ್ಷಗಳ ಆಮೇಲಿನದು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876ರಿಂದ 78ರವರೆಗೆ, ದಕ್ಷಿಣ ಭಾರತದ ಮೇಲೆ ಎರಗಿದ ಬರ. ಮೈಸೂರು ಆಗ ಬ್ರಿಟಿಷ್ ಕಮಿಷನರ್ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ ಸಂಸ್ಥಾನದ ಜನಸಂಖ್ಯೆ 50 ಲಕ್ಷ ದಾಟಿತ್ತು, 1881ರಲ್ಲಿ 42 ಲಕ್ಷವೂ ಇರಲಿಲ್ಲ. ಬರ ಬಲಿಯುತ್ತಿದ್ದಾಗಲೇ, 1877ರ ಜನವರಿ 1ರಂದು ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನಡೆಸಿ ವಿಕ್ಟೋರಿಯಾಳನ್ನು ಭಾರತದ ಸಾಮ್ರಾಜ್ಞಿಯೆಂದು ಸಾರಿದ. ಧಾನ್ಯದ ರಫ್ತು ನಿಲ್ಲಲಿಲ್ಲ. ರೈಲು ಓಡುತ್ತಿತ್ತು, ತಂತಿ ಕೆಲಸ ಮಾಡುತ್ತಿತ್ತು, ಕಂದಾಯದ ಕಚೇರಿ ತೆರೆದಿತ್ತು. ಯಾವ ಇತಿಹಾಸದ ಪುಸ್ತಕವೂ ಇದನ್ನು ನಾಗರಿಕತೆಯ ಪತನಗಳ ಸಾಲಿಗೆ ಸೇರಿಸುವುದಿಲ್ಲ, ಯಾಕೆಂದರೆ ಸಾಮ್ರಾಜ್ಯ ಬೀಳಲಿಲ್ಲ. ನನ್ನ ಲೆಕ್ಕದಲ್ಲಿ ಇದು ಹಂಪಿ ಸುಟ್ಟದ್ದಕ್ಕಿಂತ ದೊಡ್ಡ ಕುಸಿತ. ಕುಸಿತದ ಅಳತೆ ಅರಮನೆಯ ಗೋಡೆಯಾಗಿರುವವರೆಗೆ ಕೋಲಾರದ, ತುಮಕೂರಿನ, ಬಳ್ಳಾರಿಯ ಆ ಸಾವುಗಳು ಅದರಲ್ಲಿ ಹಿಡಿಸುವುದಿಲ್ಲ.

ಈಗಿನ ಸಮಾಜಗಳಿಗೆ ಇದರಿಂದ ಏನು? ಸಿಂಧೂ ನಗರದವರು ಮೂಡಲಿಗೆ ನಡೆದರು. ಮಾಯಾ ರೈತರು ಕಾಡಂಚಿನ ಹೊಲಗಳಿಗೆ ಚದುರಿದರು. ಹೊರಟವರಿಗೆ ಹಿಂದೆ ಸರಿಯಲು ಒಂದು ಜಾಗವಿತ್ತು, ಸರಿದಲ್ಲಿ ಬದುಕಲು ಬೇಕಾದ ಕೈಕಸಬಿತ್ತು. ನಮಗೆ ಇವೆರಡೂ ಕಿರಿದಾಗುತ್ತಿವೆ. 800 ಕೋಟಿ ದಾಟಿದ ಜಗತ್ತಿನಲ್ಲಿ ಅರ್ಧಕ್ಕಿಂತ ಹೆಚ್ಚು ಜನ ನಗರವಾಸಿಗಳು. ಮನುಷ್ಯಕುಲದ ಸುಮಾರು ಅರ್ಧದಷ್ಟು ಜನರ ಊಟ, ಗಾಳಿಯ ಸಾರಜನಕವನ್ನು ಹೇಬರ್-ಬಾಷ್ ವಿಧಾನದಿಂದ ಗೊಬ್ಬರವಾಗಿಸುವ ಕಾರ್ಖಾನೆಗಳ ಮೇಲೆ ನಿಂತಿದೆ. ಆ ಕಾರ್ಖಾನೆಗಳು ಹೆಚ್ಚಾಗಿ ನೈಸರ್ಗಿಕ ಅನಿಲದ ಮೇಲೆ ನಿಂತಿವೆ. 2021ರ ಮಾರ್ಚಿನಲ್ಲಿ ಎವರ್ ಗಿವನ್ ಎಂಬ ಒಂದೇ ಹಡಗು ಅಡ್ಡ ಸಿಕ್ಕಿ ಸೂಯೆಜ್ ಕಾಲುವೆ ಆರು ದಿನ ಮುಚ್ಚಿತು. 2022ರಲ್ಲಿ ಉಕ್ರೇನಿನ ಯುದ್ಧ ಶುರುವಾದ ವಾರಗಳಲ್ಲೇ ನಮ್ಮ ಊರಿನ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು. ಉಲುಬುರುನ್ ಹಡಗಿನ ಲೋಕಕ್ಕೂ ನಮ್ಮದಕ್ಕೂ ಹೋಲಿಕೆ ಇರುವುದು ಇಲ್ಲಿ. ಹೆಣಿಗೆ ಬಿಗಿಯಾದಷ್ಟೂ ಒಂದೂರಿನ ಬರಕ್ಕೆ ಇನ್ನೊಂದೂರಿನ ಕಣಜ ಸಿಗುತ್ತದೆ. ಹಾಗೆಯೇ ಒಂದೂರಿನ ಬೆಂಕಿ ಇನ್ನೊಂದೂರಿಗೂ ಹಬ್ಬುತ್ತದೆ.

ಶ್ರೀಲಂಕಾ ನಮ್ಮ ಕಣ್ಣೆದುರೇ ಬಿದ್ದೆದ್ದಿತು. ವಿದೇಶಿ ಸಾಲ, ತೆರಿಗೆ ಕಡಿತ, ಕೋವಿಡ್‌ನಿಂದ ನಿಂತ ಪ್ರವಾಸೋದ್ಯಮ, ಇವುಗಳ ಮೇಲೆ 2021ರ ಏಪ್ರಿಲಿನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ರಾತ್ರೋರಾತ್ರಿ ನಿಷೇಧಿಸಿದ ಆದೇಶ. ಭತ್ತದ ಇಳುವರಿ ಕುಸಿಯಿತು, ಚಹಾ ಸೊರಗಿತು. 2022ರ ಏಪ್ರಿಲಿನಲ್ಲಿ ದೇಶ ಸಾಲ ತೀರಿಸಲಾರೆನೆಂದು ಕೈಚೆಲ್ಲಿತು, ಜುಲೈನಲ್ಲಿ ಅಧ್ಯಕ್ಷರು ದೇಶ ಬಿಟ್ಟು ಓಡಿದರು. ಸಾವಯವ ಕೃಷಿ ಕೆಟ್ಟದ್ದೆಂದು ಇದರಿಂದ ತೀರ್ಮಾನಿಸುವುದು ಸರಿಯಲ್ಲ. ನೆಲಕ್ಕೂ ರೈತನಿಗೂ ಹೊಸ ದಾರಿ ಕಲಿಯಲು ವರ್ಷಗಳು ಬೇಕು, ಅದನ್ನು ಒಂದು ಸಹಿಯಿಂದ ಮಾಡಹೊರಟದ್ದು ತಪ್ಪು. ಸೋವಿಯತ್ ಒಕ್ಕೂಟ 1991ರಲ್ಲಿ ಒಡೆದಾಗಲೂ ಪೆಟ್ಟು ಬಿದ್ದದ್ದು ಸಾಮಾನ್ಯರ ಮೈಗೆ. ರಷ್ಯದ ಗಂಡಸರ ಸರಾಸರಿ ಆಯುಸ್ಸು ಸುಮಾರು 64ರಿಂದ 1994ರಲ್ಲಿ 58ಕ್ಕೂ ಕೆಳಗಿಳಿಯಿತು. ಆದರೂ ದೊಡ್ಡ ಕ್ಷಾಮ ಬೀಳದಿರಲು ಒಂದು ಕಾರಣ, ನಗರದವರೂ ಊರಾಚೆ ಇಟ್ಟುಕೊಂಡಿದ್ದ ಸಣ್ಣ ತೋಟಗಳು. ದೇಶದ ಆಲೂಗಡ್ಡೆಯ ಬಹುಪಾಲು ಬೆಳೆದದ್ದು ಆ ಹಿತ್ತಿಲುಗಳಲ್ಲಿ.

ಕುಸಿಯದೆ ಉಳಿದವರೂ ಇದ್ದಾರೆ, ಅವರ ಕಥೆಗಳಿಗೆ ಓದುಗರು ಕಡಿಮೆ. 7ನೇ ಶತಮಾನದಲ್ಲಿ ಬೈಜಾಂಟಿಯಮ್, ಅಂದರೆ ಉಳಿದುಕೊಂಡಿದ್ದ ಪೂರ್ವ ರೋಮ್ ಸಾಮ್ರಾಜ್ಯ, ಸಿರಿಯವನ್ನೂ ಈಜಿಪ್ಟನ್ನೂ ಅರಬರಿಗೆ ಕಳೆದುಕೊಂಡಿತು. ಬೊಕ್ಕಸಕ್ಕೆ ಬರುತ್ತಿದ್ದುದರಲ್ಲಿ ಅರ್ಧಕ್ಕೂ ಹೆಚ್ಚು ಹೋಯಿತು. ಅದು ತನ್ನನ್ನೇ ಸರಳಗೊಳಿಸಿಕೊಂಡಿತು. ಸೈನ್ಯ ಪ್ರಾಂತಗಳಲ್ಲೇ ನೆಲೆಸಿ ಅಲ್ಲಿನ ಹುಟ್ಟುವಳಿಯಿಂದ ಬದುಕಿತು, ಆಡಳಿತದ ಮೆಟ್ಟಿಲುಗಳು ಕಡಿಮೆಯಾದವು, ನಗರಗಳು ಕುಗ್ಗಿದವು. ಆ ರಾಜ್ಯ 1453ರವರೆಗೆ ಬಾಳಿತು. ಜಪಾನಿನಲ್ಲಿ 17ನೇ ಶತಮಾನದ ಕಟ್ಟಡಗಳ ಭರಾಟೆ ಗುಡ್ಡಗಳನ್ನು ಬೋಳಿಸಿತ್ತು. 1657ರ ಬೆಂಕಿಯಲ್ಲಿ ಎಡೊ ನಗರದ ಬಹುಭಾಗ ಸುಟ್ಟು ಮತ್ತೆ ಮರ ಬೇಕಾಯಿತು. 1666ರಲ್ಲಿ ಟೊಕುಗಾವಾ ಸರ್ಕಾರ ಬೋಳುಗುಡ್ಡಗಳಿಂದ ಹೊಳೆಗೆ ಹೂಳು ಹರಿಯುವುದನ್ನು ತಡೆಯಲು, ಸಸಿ ನೆಡಲು ಆದೇಶ ಹೊರಡಿಸಿತು. ಮುಂದಿನ ನೂರೈವತ್ತು ವರ್ಷಗಳಲ್ಲಿ ಹಳ್ಳಿಗಳೂ ಸಾಮಂತರೂ ಲೆಕ್ಕವಿಟ್ಟು ಕಾಡು ಬೆಳೆಸಿದರು. ಈ ಎರಡರಲ್ಲೂ ಒಂದು ಸಾಮ್ಯ ಕಾಣುತ್ತದೆ. ಆಳುವವರು ಕೆಟ್ಟ ಸುದ್ದಿಯಿಂದ ದೂರ ಕೂರಲು ಸಾಧ್ಯವಿರಲಿಲ್ಲ. ಶತ್ರು ಕಾನ್‌ಸ್ಟಾಂಟಿನೋಪಲ್ಲಿನ ಗೋಡೆಯ ಬುಡದಲ್ಲಿದ್ದ, ಟೊಕುಗಾವಾ ದೊರೆಗಳ ಊರೇ ಸುಟ್ಟಿತ್ತು. ಲಿಟ್ಟನ್ನನ ಊಟಕ್ಕೆ ಮೈಸೂರಿನ ಬರ ತಟ್ಟಲಿಲ್ಲ.

ಹೀಗಾಗಿ ಇಂದಿನ ಸಮಾಜಗಳಲ್ಲಿ ನೋಡಬೇಕಾದದ್ದು ಎರಡು ಎಂದು ನನಗೆ ಅನಿಸುತ್ತದೆ. ತೀರ್ಮಾನ ಮಾಡುವವರಿಗೂ ಅದರ ಪರಿಣಾಮ ಉಣ್ಣುವವರಿಗೂ ಎಷ್ಟು ಅಂತರವಿದೆ? ಮೇಲಿನ ಏರ್ಪಾಡು ಒಂದು ತಿಂಗಳು ನಿಂತರೆ ಕೆಳಗಿನವರಿಗೆ ತಮ್ಮದೇ ನೀರು, ಕಾಳು, ಕಸಬು ಎಷ್ಟಿದೆ? ಭಾರತ ಕಣಜದ ಮಟ್ಟಿಗೆ ಪಾಠ ಕಲಿತಿದೆ. 1965ರಲ್ಲಿ ಸ್ಥಾಪನೆಯಾದ ಆಹಾರ ನಿಗಮದ ಗೋದಾಮುಗಳೂ ಪಡಿತರದ ಅಂಗಡಿಯೂ ಇರುವುದರಿಂದ ಕೋವಿಡ್ ಕಾಲದಲ್ಲಿ ಕೋಟ್ಯಂತರ ಮನೆಗಳಲ್ಲಿ ಒಲೆ ಉರಿಯಿತು. ದಾಸ್ತಾನು ದುಂದು, ಅದನ್ನು ಕರಗಿಸಿ ಎನ್ನುವವರು ಧಾತು-ಈಶ್ವರದ ಬರವನ್ನು ಓದಬೇಕು. ನೀರಿನಲ್ಲಿ ನಾವು ಕಲಿತಿಲ್ಲ. ಕರ್ನಾಟಕದಲ್ಲಿ ಮೂವತ್ತಾರು ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಹೂಳೆತ್ತಲು ಯಂತ್ರ ಬರುತ್ತದೆ, ಗುತ್ತಿಗೆ ಬರುತ್ತದೆ. ಆದರೆ ತೂಬು ಯಾವಾಗ ಎತ್ತಬೇಕು, ಮೇಲಿನ ಗದ್ದೆಗೆ ಎಷ್ಟು ಹೊತ್ತು, ಕೊನೆಯ ಗದ್ದೆಗೆ ಎಷ್ಟು ಹೊತ್ತು, ಕೋಡಿ ಬಿದ್ದಾಗ ಏರಿಯ ಯಾವ ಜಾಗ ಜಿನುಗುತ್ತದೆ ಎಂದು ಬಲ್ಲ ನೀರಗಂಟಿಯ ಕೆಲಸ ಮಾತ್ರ ಊರೂರಲ್ಲೂ ಸದ್ದಿಲ್ಲದೆ ನಿಂತುಹೋಗುತ್ತಿದೆ. ಆ ಕೆಲಸ ಬಲ್ಲ ಹಿರಿಯರು ಹಲವು ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಅವರಿಗೆ ಸಂಬಳ ಕೊಟ್ಟು, ಜೊತೆಗೆ ಒಬ್ಬಿಬ್ಬರು ಹುಡುಗರನ್ನು ಕಲಿಯಲು ಹಾಕುವುದಕ್ಕೆ ಕಾವೇರಿಯ ಆರನೇ ಹಂತ ಬೇಕಿಲ್ಲ, ಗ್ರಾಮ ಪಂಚಾಯಿತಿಯ ಒಂದು ನಿರ್ಣಯ ಸಾಕು.